ಮನೆಯಿಂದ ಮನೆಗೆ ನೇರದಾರಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯನ್ನೇರಿದವನು ಪಂಪನನ್ನು ಕುರಿತೋ, ವಚನಕಾರರನ್ನು ಕುರಿತೋ, ಏಕೀಕರಣವನ್ನು ಕುರಿತೋ ಮಾತನಾಡುವುದು ವಾಡಿಕೆ. ಈ ದಿನ ನಾನು ಆ ವಾಡಿಕೆಯನ್ನು ಮೀರಿ ಗಣಕಯಂತ್ರದ ಮಾತನ್ನು ಎತ್ತಿಕೊಂಡಿದ್ದೇನೆ. ಕಾರ್ಯದರ್ಶಿಗಳು ವಿಷಯವೇನೆಂದು ವಿಚಾರಿಸಿದಾಗ, ಎರಡು ಮನೆಗಳ ಯಂತ್ರಗಳು ನಡುವೆ ಯಾರ ಹಂಗೂ ಇಲ್ಲದೆ ತಾವೇ ಮಾತನಾಡಿಕೊಳ್ಳುವ ಬಗೆ, ಆ ಮಾತು ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಬಗೆ ಎಂದು ತಿಳಿಸಿದೆನು. ಅವರು ಒಂದು ಕ್ಷಣ ಸುಮ್ಮನಿದ್ದು, “ಇದರಲ್ಲಿ ಕನ್ನಡ ಎಲ್ಲಿದೆ, ಸ್ವಾಮಿ?” ಎಂದರು. ಆ ಪ್ರಶ್ನೆ ನ್ಯಾಯವಾದುದು. ಅದಕ್ಕೆ ನಾನು ಕೊಡುವ ಉತ್ತರವೇ ಈ ಭಾಷಣ.

ಬಳಸುದಾರಿ ಎಂದರೇನೆಂಬುದನ್ನು ತಾಳವಾಡಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 1956ನೆಯ ಇಸವಿ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಈರೋಡು ಕೇಂದ್ರವಾಯಿತು. ಇಂದು ತಾಳವಾಡಿಯೇ ಒಂದು ತಾಲ್ಲೂಕಾಗಿದ್ದರೂ, ಜಿಲ್ಲಾ ಕಚೇರಿಯ ಕೆಲಸವಿದ್ದವನು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ ಹೋಗಲೇಬೇಕು. ಹೆಣ್ಣು ಕೊಟ್ಟು ತಂದ ಮನೆಗಳು ಚಾಮರಾಜನಗರದ ಕಡೆ, ಅರ್ಜಿ ಕೊಡುವ ಮನೆಗಳು ಈರೋಡಿನ ಕಡೆ. ಹತ್ತಿರವಿರುವುದು ದೂರವಾಗುವುದೂ, ದೂರವಿರುವುದರ ಮೂಲಕವೇ ಹತ್ತಿರದವರನ್ನು ತಲುಪಬೇಕಾಗುವುದೂ ನಮ್ಮ ಬಾಳಿನಲ್ಲಿ ಬೆರೆತುಹೋದ ಸಂಗತಿ.

ನಮ್ಮ ಕೈಯಲ್ಲಿರುವ ಮೊಬೈಲಿನ ಬಾಳೂ ಹೀಗೆಯೇ ಇದೆ. ಗಾಜನೂರಿನ ಒಬ್ಬ ಹುಡುಗ ತನ್ನ ಶಾಲೆಯ ಕನ್ನಡ ಪ್ರಬಂಧದ ಚಿತ್ರವನ್ನು ಪಕ್ಕದ ಬೀದಿಯ ಗೆಳೆಯನಿಗೆ ಕಳುಹಿಸುತ್ತಾನೆ. ಆ ಚಿತ್ರ ಬೀದಿಯನ್ನು ದಾಟಿ ಹೋಗುವುದಿಲ್ಲ. ಎಲ್ಲಿಯೋ ಇರುವ ಒಂದು ದೊಡ್ಡ ಸಂಸ್ಥೆಯ ಯಂತ್ರಾಗಾರಕ್ಕೆ ಹೋಗಿ, ಅಲ್ಲಿ ತಂಗಿ, ಅಲ್ಲಿಂದ ಮರಳಿ ಪಕ್ಕದ ಬೀದಿಗೆ ಬರುತ್ತದೆ. ಆ ಸಂಸ್ಥೆ ನಾಳೆ ಬಾಗಿಲು ಹಾಕಿದರೆ, ನಿಯಮ ಬದಲಿಸಿದರೆ, ನಮ್ಮ ಖಾತೆಯನ್ನು ಮುಚ್ಚಿದರೆ, ಎರಡು ಬೀದಿಗಳ ನಡುವಣ ದಾರಿಯೇ ಮುಚ್ಚಿದಂತೆ.

ಇದಕ್ಕೆ ಬೇರೆಯಾದ ಒಂದು ವ್ಯವಸ್ಥೆ ಉಂಟು. ಆಂಗ್ಲದಲ್ಲಿ ಅದನ್ನು ಪೀರ್ ಟು ಪೀರ್ ಎನ್ನುತ್ತಾರೆ. ಕನ್ನಡದಲ್ಲಿ ‘ಸಮಾನರ ಜಾಲ’ ಎನ್ನಬಹುದು. ಆದರೆ ನಮ್ಮ ಊರಿನಲ್ಲಿ ಇದಕ್ಕಿಂತ ಹಳೆಯದೊಂದು ಮಾತಿದೆ: ಮುಯ್ಯಾಳು. ಇಂದು ನಿನ್ನ ಹೊಲದ ಕಳೆ ನಾನು ಕೀಳುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರುತ್ತೀಯೆ. ನಡುವೆ ಮೇಸ್ತ್ರಿಯಿಲ್ಲ, ಕೂಲಿಯಿಲ್ಲ. ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬನೇ. ಮಕ್ಕಳಿಗೆ ಇನ್ನೂ ಸುಲಭವಾಗಿ ತಿಳಿಯಬೇಕಾದರೆ, ದೀಪಾವಳಿಯ ಬಳಿಕ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬವನ್ನು ನೆನೆದುಕೊಳ್ಳಿ. ಅಲ್ಲಿ ಕಣಕ್ಕಿಳಿದವನು ಸಗಣಿಯ ಉಂಡೆಯನ್ನು ಎಸೆಯಲೂ ಬೇಕು, ಎಸೆಸಿಕೊಳ್ಳಲೂ ಬೇಕು. ಸಮಾನರ ಜಾಲದ ಧರ್ಮವೂ ಅದೇ!

ಇಷ್ಟು ಸುಲಭವಾದ ಏರ್ಪಾಡಿಗೆ ಅಡ್ಡಿಯೇನು ಎಂದು ತಾವು ಕೇಳಬಹುದು. ಅಡ್ಡಿ ಇರುವುದು ವಿಳಾಸದಲ್ಲಿ. ಅಂತರ್ಜಾಲದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ವಿಳಾಸ 32 ಬಿಟ್ಟುಗಳ ಒಂದು ಸಂಖ್ಯೆ. ಅಂಥ ಸಂಖ್ಯೆಗಳು ಒಟ್ಟು 4,29,49,67,296 ಮಾತ್ರ. ಭೂಮಿಯ ಮೇಲಿನ ಜನಸಂಖ್ಯೆಗಿಂತ ಕಡಿಮೆ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶಕ್ಕೆ ಹಂಚುವ ಸಂಸ್ಥೆಯ ಕಣಜ 2011ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿಯೇ ತಳ ಮುಟ್ಟಿತು. ಆದಕಾರಣ ಸಂಪರ್ಕ ಕೊಡುವ ಕಂಪನಿಗಳು ಅನೇಕ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಈ ಏರ್ಪಾಡಿಗೆ ನ್ಯಾಟ್ ಎಂದು ಹೆಸರು.

ಇದನ್ನು ಒಂದು ವಿದ್ಯಾರ್ಥಿನಿಲಯಕ್ಕೆ ಹೋಲಿಸೋಣ. ಹುಡುಗರು ಬರೆಯುವ ಕಾಗದಗಳೆಲ್ಲ ನಿಲಯದ ಒಂದೇ ವಿಳಾಸದಿಂದ ಹೊರಡುತ್ತವೆ. ಬಾಗಿಲಲ್ಲಿ ಕುಳಿತ ಕಾವಲುಗಾರ, ಯಾವ ಕೋಣೆಯ ಹುಡುಗ ಯಾರಿಗೆ ಬರೆದನೆಂಬುದನ್ನು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ಆ ಕೋಣೆಗೆ ಮುಟ್ಟಿಸುತ್ತಾನೆ. ಆದರೆ ಪುಸ್ತಕದಲ್ಲಿ ಗುರುತಿಲ್ಲದ ಅಪರಿಚಿತನ ಕಾಗದ ಬಂದರೆ ಅದನ್ನು ಕಸದ ಬುಟ್ಟಿಗೆ ಹಾಕುತ್ತಾನೆ. ಈಗ ಎರಡು ಬೇರೆ ಬೇರೆ ನಿಲಯಗಳಲ್ಲಿರುವ ಇಬ್ಬರು ಹುಡುಗರು ಪರಸ್ಪರ ಬರೆಯಬೇಕೆಂದರೆ, ಮೊದಲ ಕಾಗದ ಯಾರು ಬರೆದರೂ ಅದು ಎದುರು ನಿಲಯದ ಬುಟ್ಟಿಗೇ ಹೋಗುತ್ತದೆ.

ಜಾಣರು ಇದಕ್ಕೆ ಒಂದು ಉಪಾಯ ಹುಡುಕಿದ್ದಾರೆ. ಇಬ್ಬರಿಗೂ ಪರಿಚಿತನಾದ ಒಬ್ಬ ಮಧ್ಯಸ್ಥನು, ಒಬ್ಬನ ಹೊರವಿಳಾಸವನ್ನು ಇನ್ನೊಬ್ಬನಿಗೆ ತಿಳಿಸುತ್ತಾನೆ. ಕೂಡಲೇ ಇಬ್ಬರೂ ಒಂದೇ ಹೊತ್ತಿಗೆ ಕಾಗದ ಬರೆಯುತ್ತಾರೆ. ಮೊದಲ ಕಾಗದಗಳು ಬುಟ್ಟಿಗೆ ಹೋದರೂ ಚಿಂತೆಯಿಲ್ಲ. ಎರಡು ಬಾಗಿಲುಗಳ ಪುಸ್ತಕದಲ್ಲಿಯೂ ಗುರುತು ಬಿದ್ದಿತಲ್ಲ! ಮುಂದಿನ ಕಾಗದಗಳನ್ನು ಕಾವಲುಗಾರರು ಉತ್ತರವೆಂದೇ ಭಾವಿಸಿ ಒಳಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ಮಧ್ಯಸ್ಥನ ಕೆಲಸವಿಲ್ಲ. ಕೆಲವು ಕಾವಲುಗಾರರು ಮಾತ್ರ ವಿಪರೀತ ಕಟ್ಟುನಿಟ್ಟಿನವರು: ಹುಡುಗನು ಯಾರಿಗೆ ಬರೆಯುತ್ತಾನೆಂಬುದನ್ನು ನೋಡಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಕಿಟಕಿಯ ಸಂಖ್ಯೆ ಹಾಕಿ ಕಳುಹಿಸುತ್ತಾರೆ. ಮಧ್ಯಸ್ಥನಿಗೆ ಕಂಡ ಕಿಟಕಿ ಒಂದು, ಗೆಳೆಯನಿಗಾಗಿ ತೆರೆದ ಕಿಟಕಿ ಇನ್ನೊಂದು. ಆಗ ಉಪಾಯ ಸಾಗುವುದು ಕಷ್ಟ. ಮಧ್ಯಸ್ಥನೇ ಪ್ರತಿಯೊಂದು ಕಾಗದವನ್ನೂ ಹೊತ್ತು ತಿರುಗಬೇಕಾಗುತ್ತದೆ. ಅವನನ್ನು ರಿಲೇ ಎನ್ನುತ್ತಾರೆ. ಒಳ್ಳೆಯ ವ್ಯವಸ್ಥೆಗಳಲ್ಲಿ ಲಕೋಟೆಗೆ ಬೀಗವಿರುತ್ತದೆಯಾದ್ದರಿಂದ ಅವನು ಒಳಗಿನದನ್ನು ಓದಲಾರ. ಆದರೆ ಯಾರು ಯಾರಿಗೆ ಬರೆದರೆಂಬುದು ಅವನಿಗೆ ತಿಳಿಯುತ್ತದೆ, ದಾರಿಯೂ ಬಳಸಾಗುತ್ತದೆ.

ಇನ್ನು ಪರೀಕ್ಷೆಯ ಮಾತಿಗೆ ಬರುತ್ತೇನೆ. “ನೆಟ್ ಇಲ್ಲ” ಎಂಬ ಎರಡು ಪದಗಳಲ್ಲಿ ನಾವು ಎಲ್ಲ ರೋಗವನ್ನೂ ಮುಗಿಸಿಬಿಡುತ್ತೇವೆ. ಜ್ವರ ಎಂದು ಬಂದವನಿಗೆ ವೈದ್ಯನು ನಾಡಿ ಹಿಡಿದು, ನಾಲಗೆ ನೋಡಿ, ಯಾವ ಜ್ವರವೆಂದು ವಿಂಗಡಿಸುವಂತೆ ಇಲ್ಲಿಯೂ ವಿಂಗಡಿಸಬೇಕು. ಅದಕ್ಕೆ ಬೇಕಾದ ಸಲಕರಣೆಗಳು ಬಣ್ಣದ ಚಿತ್ರಗಳಿಲ್ಲದ, ಅಕ್ಷರಗಳಷ್ಟೇ ಕಾಣುವ ಕಪ್ಪು ಪರದೆಯಲ್ಲಿವೆ. ಅಲ್ಲಿ ಒಂದು ಸಾಲು ಆಜ್ಞೆಯನ್ನು ಬರೆದರೆ ಯಂತ್ರ ಒಂದಷ್ಟು ಸಾಲು ಉತ್ತರ ಕೊಡುತ್ತದೆ. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು, ಆಜ್ಞಾಸಾಲು ಎನ್ನೋಣ. ನೋಡುವುದಕ್ಕೆ ಕಠಿಣ, ಬಳಸುವುದಕ್ಕೆ ಸರಳ. ಕೇಳಿದ್ದಕ್ಕಷ್ಟೇ ಉತ್ತರ, ಮುಚ್ಚುಮರೆಯಿಲ್ಲ.

ಈ ಸಲಕರಣೆಗಳಲ್ಲಿ ಹಿರಿಯದು ಪಿಂಗ್. 1983ನೆಯ ಇಸವಿ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಸಂಶೋಧನಾಲಯದಲ್ಲಿದ್ದ ಮೈಕ್ ಮ್ಯೂಸ್ ಎಂಬಾತನು ಇದನ್ನು ಬರೆದನು. ನೀರಿನೊಳಗೆ ಶಬ್ದ ಕಳುಹಿಸಿ, ಮರುದನಿ ಬರುವ ಕಾಲದಿಂದ ಜಲಾಂತರ್ಗಾಮಿಯ ದೂರವನ್ನು ಅಳೆಯುವ ಯಂತ್ರದ ದನಿಯಿಂದಲೇ ಈ ಹೆಸರು ಬಂದಿತು. ‘ಇದ್ದೀಯಾ?’ ಎಂದು ಒಂದು ಕೂಗು, ‘ಇದ್ದೇನೆ’ ಎಂದು ಮರುಕೂಗು, ನಡುವೆ ಎಷ್ಟು ಮಿಲಿಸೆಕೆಂಡು ಕಳೆಯಿತೆಂಬ ಲೆಕ್ಕ, ಇಷ್ಟೇ. ಎರಡನೆಯದು ಟ್ರೇಸ್‌ರೂಟ್, 1987ರಲ್ಲಿ ವ್ಯಾನ್ ಜೇಕಬ್ಸನ್ ಬರೆದುದು. ದಾರಿಯಲ್ಲಿ ಯಾವ ಯಾವ ಗೇಟುಗಳನ್ನು ದಾಟಿ ಹೋಗುತ್ತಿದ್ದೇವೆಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ.

ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಅದನ್ನು ನಾವು ಮೈಲಿಗಲ್ಲಿನಂತೆ ಓದಬಹುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ; ಎಂದರೆ ಹೋಗಿ ಬರುವ ಲೆಕ್ಕದಲ್ಲಿ ಪ್ರತಿ 100 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡು. ಇಲ್ಲಿಂದ ಸಿಂಗಾಪುರ 3,000 ಕಿಲೋಮೀಟರಿಗೂ ಮಿಗಿಲು. ಅಲ್ಲಿಗೆ ಹೋಗಿ ಬರುವ ಕೂಗಿಗೆ 30 ಮಿಲಿಸೆಕೆಂಡಿಗಿಂತ ಕಡಿಮೆ ಕಾಲ ಸಾಲದು. ಮರುದನಿ ತಡವಾದುದಕ್ಕೆ ದಾರಿಯ ಜನಸಂದಣಿಯೂ ಕಾರಣವಾಗಬಹುದು. ಆದರೆ ಪಕ್ಕದ ಬೀದಿಯ ಮರುದನಿ ದಿನವೂ ನೂರು ಮಿಲಿಸೆಕೆಂಡಿಗೆ ಬರುತ್ತಿದ್ದರೆ, ಅದು ಎಲ್ಲಿಗೋ ಹೋಗಿ ಬರುತ್ತಿದೆಯೆಂದು ಶಂಕಿಸುವುದಕ್ಕೆ ಪಂಡಿತರಾಗಬೇಕಾಗಿಲ್ಲ.

ಈ ಹಳೆಯ ಸಲಕರಣೆಗಳು ದಾರಿಯನ್ನು ಅಳೆಯುತ್ತವೆಯೇ ಹೊರತು, ಎರಡು ನಿಲಯಗಳ ಹುಡುಗರು ನೇರವಾಗಿ ಕೂಡಬಲ್ಲರೇ ಎಂಬುದನ್ನು ಹೇಳಲಾರವು. ಅದಕ್ಕೆ ಹೊಸ ಸಲಕರಣೆಗಳು ಬಂದಿವೆ. ಐರೋ ಎಂಬ ಮುಕ್ತ ತಂತ್ರಾಂಶವಿದೆ. ಅದರ ಪರೀಕ್ಷಾ ಸಾಧನಕ್ಕೆ ಐರೋ-ಡಾಕ್ಟರ್ ಎಂದೇ ಹೆಸರಿಟ್ಟಿದ್ದಾರೆ. ಈ ವ್ಯವಸ್ಥೆಯಲ್ಲಿ ಯಂತ್ರದ ಗುರುತು ಊರು ಬೀದಿಗಳ ವಿಳಾಸವಲ್ಲ. ಅದರದೇ ಆದ ಒಂದು ಬಹಿರಂಗ ಕೀಲಿ. ಯಂತ್ರವು ಮನೆಯಿಂದ ಮನೆಗೆ, ರಾಜ್ಯದಿಂದ ರಾಜ್ಯಕ್ಕೆ ಹೋದರೂ ಆ ಗುರುತು ಬದಲಾಗುವುದಿಲ್ಲ. ಗಡಿಯ ಗೆರೆ ಎಷ್ಟು ಸಲ ಸರಿದರೂ ಹೆಸರು ಬದಲಾಗದವರಿಗೆ ಇದು ಹಿಡಿಸುವ ಏರ್ಪಾಡು.

ಡಾಕ್ಟರಿಗೆ ಕೊಡಬೇಕಾದ ಆಜ್ಞೆಗಳಲ್ಲಿ ಮೂರು ಮುಖ್ಯ. ‘ರಿಪೋರ್ಟ್’ ಎಂದರೆ ನಮ್ಮ ಮನೆಯ ನಾಡಿ ನೋಡುತ್ತದೆ: ಕಾಗದಗಳು ಹೊರಗೆ ಹೋಗುತ್ತಿವೆಯೇ, ಹಳೆಯ ಬಗೆಯ ವಿಳಾಸವಿದೆಯೇ, ಹೊಸ ಬಗೆಯದಿದೆಯೇ, ಕಾವಲುಗಾರ ಒಂದೇ ಕಿಟಕಿ ಬಳಸುತ್ತಾನೋ ಆಳಿಗೊಂದು ಕಿಟಕಿ ತೆರೆಯುತ್ತಾನೋ, ಯಾವ ರಿಲೇ ಎಷ್ಟು ಮಿಲಿಸೆಕೆಂಡು ದೂರ. ‘ಅಕ್ಸೆಪ್ಟ್’ ಎಂದರೆ ಒಂದು ಮನೆ ಬಾಗಿಲು ತೆರೆದು ತನ್ನ ಗುರುತನ್ನು ಹೇಳಿ ಕಾಯುತ್ತದೆ. ‘ಕನೆಕ್ಟ್’ ಎಂದು ಆ ಗುರುತನ್ನು ಬರೆದರೆ ಇನ್ನೊಂದು ಮನೆ ಹೋಗಿ ತಟ್ಟುತ್ತದೆ. ಆಮೇಲೆ ಎರಡೂ ಒಂದಕ್ಕೊಂದು ಸಾಮಗ್ರಿ ಕಳುಹಿಸಿ ನೋಡಿ, ವೇಗವೆಷ್ಟು, ದಾರಿ ನೇರವೋ ರಿಲೇಯ ಮೂಲಕವೋ ಎಂಬುದನ್ನು ಪರದೆಯ ಮೇಲೆ ತೋರಿಸುತ್ತವೆ.

ಇದೆಲ್ಲ ನನಗೇಕೆ ಬೇಕಾಯಿತೆಂಬುದನ್ನು ಹೇಳದಿದ್ದರೆ ಮಾತು ಅರ್ಧವಾದೀತು. ನನ್ನ ದೊಡ್ಡಮ್ಮನವರಿಗೆ ಸೋಬಾನೆ ಪದಗಳು ಬಾಯಿಪಾಠವಾಗಿದ್ದವು. ಮದುವೆಯ ಮನೆಗಳಲ್ಲಿ ಅವರು ಹಾಡಲು ಕುಳಿತರೆ ನೀರು ತರಲು ಹೊರಟವರೂ ಬಿಂದಿಗೆ ಇಳಿಸಿ ನಿಲ್ಲುತ್ತಿದ್ದರು. ಅವರ ಕೊನೆಯ ವರ್ಷದಲ್ಲಿ ನಾನು ನಾಲ್ಕಾರು ಸಂಜೆ ಕುಳಿತು ಮೊಬೈಲಿನಲ್ಲಿ ಆ ಪದಗಳನ್ನು ಧ್ವನಿಮುದ್ರಿಸಿಕೊಂಡೆನು. ಬೇರೆಡೆಗೂ ಒಂದು ಪ್ರತಿ ಮಾಡಿಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ನಾಳೆ, ನಾಳೆ ಎನ್ನುವಷ್ಟರಲ್ಲಿ ದೊಡ್ಡಮ್ಮ ತೀರಿಕೊಂಡರು. ಆ ವರ್ಷದ ಮಳೆಗಾಲದಲ್ಲಿ ಮೊಬೈಲು ತೊಟ್ಟಿಯ ನೀರಿಗೆ ಬಿದ್ದಿತು. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದಲ್ಲದ ಒಂದು ತುಣುಕಿನೊಳಗೆ ಆ ದನಿಯೆಲ್ಲ ಹೋಯಿತು. ತಪ್ಪು ನನ್ನದೇ, ಯಾರನ್ನೂ ದೂರುವಂತಿಲ್ಲ.

ಆ ದಿನದಿಂದ, ಇನ್ನು ಮುಂದೆ ಮುದ್ರಿಸಿಕೊಂಡದ್ದು ಯಾವುದೂ ಒಂದೇ ಮನೆಯಲ್ಲಿ ಇರಬಾರದೆಂದು ನಿಶ್ಚಯಿಸಿಕೊಂಡೆನು. ಸಿಂಕ್‌ಥಿಂಗ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವುಂಟು, 2013ರಿಂದ ಬಳಕೆಯಲ್ಲಿದೆ. ಎರಡು ಮನೆಯವರೂ ಪರಸ್ಪರರ ಗುರುತನ್ನು ಒಪ್ಪಿಕೊಂಡರೆ, ಒಂದು ಮನೆಯ ಕಡತಕ್ಕೆ ಸೇರಿದ್ದು ಇನ್ನೊಂದು ಮನೆಗೂ ತಾನಾಗಿ ಸೇರುತ್ತದೆ. ಚಾಮರಾಜನಗರದಲ್ಲಿರುವ ನನ್ನ ಸೋದರಳಿಯನ ಮನೆಯನ್ನೂ ನನ್ನ ಮನೆಯನ್ನೂ ಹೀಗೆ ಕೂಡಿಸಹೊರಟೆವು. ಕೂಡಿತೇನೋ ನಿಜ, ಆದರೆ ಆಮೆಯ ನಡಿಗೆ. ಒಂದು ಸಂಜೆಯ ಹಾಡು ಹೋಗುವುದಕ್ಕೆ ಒಂದು ರಾತ್ರಿ ಬೇಕಾಯಿತು. ಅಳಿಯ ಫೋನಿನಲ್ಲಿ, “ಮಾವ, ನಿಮ್ಮ ಲೈನು ತಮಿಳುನಾಡಿನದು, ನಮ್ಮದು ಕರ್ನಾಟಕದ್ದು, ಗಡಿ ದಾಟೋದಕ್ಕೆ ತೊಂದರೆ ಇರಬೇಕು” ಎಂದ. ನನಗೂ ಅದೇ ಸರಿಯೆಂದು ತೋರಿತು. ನಮ್ಮ ಎಲ್ಲ ಕಷ್ಟಗಳಿಗೂ ಗಡಿಯೇ ಕಾರಣವೆಂದು ನಂಬಿ ಬೆಳೆದವರಲ್ಲವೇ ನಾವು?

ಆದರೂ ಕ್ರಮವಾಗಿ ಪರೀಕ್ಷಿಸೋಣವೆಂದು ಕುಳಿತೆವು. ಮೊದಲು ಮನೆಯೊಳಗಿನ ರೂಟರ್ ಪೆಟ್ಟಿಗೆಗೆ ಪಿಂಗ್ ಮಾಡಿದೆ. ಕೂಡಲೇ ಮರುದನಿ ಬಂದಿತು. ಮನೆಯೊಳಗಿನ ದಾರಿ ಚೆನ್ನಾಗಿದೆ ಎಂದಾಯಿತು. ಎರಡನೆಯದಾಗಿ ಹೊರಗಿನ ಒಂದು ಪ್ರಸಿದ್ಧ ವಿಳಾಸದ ಅಂಕೆಗೆ ಮಾಡಿದೆ, ಬಂದಿತು. ಊರಿನಿಂದ ಹೊರಗೆ ಹೋಗುವ ದಾರಿಯೂ ಸರಿ. ಮೂರನೆಯದಾಗಿ ಅಂಕೆಯ ಬದಲು ಹೆಸರು ಬರೆದೆ, ಬಂದಿತು. ಹೆಸರಿನಿಂದ ವಿಳಾಸ ಹುಡುಕುವ ಕೆಲಸವೂ ಸರಿ. ಆಮೇಲೆ ಇಬ್ಬರೂ ನಮ್ಮ ನಮ್ಮ ಮನೆಗಳಲ್ಲಿ ಡಾಕ್ಟರಿನಿಂದ ರಿಪೋರ್ಟ್ ಪಡೆದೆವು. ಅಳಿಯನ ಕಾವಲುಗಾರ ಒಂದೇ ಕಿಟಕಿಯವನು. ಅವನಿಗೆ ಹೊಸ ಬಗೆಯ, 128 ಬಿಟ್ಟುಗಳ ವಿಳಾಸವೂ ಇತ್ತು. ನನ್ನ ಕಾವಲುಗಾರ ಆಳಿಗೊಂದು ಕಿಟಕಿಯವನು. ಹೊಸ ಬಗೆಯ ವಿಳಾಸ ಇಲ್ಲವೇ ಇಲ್ಲ. ಅಕ್ಸೆಪ್ಟ್, ಕನೆಕ್ಟ್ ಮಾಡಿ ನೋಡಿದರೆ, ದಾರಿ ರಿಲೇಯ ಮೂಲಕ. ರೋಗ ಸಿಕ್ಕಿತು.

ಹೊಸ ವಿಳಾಸಗಳಿಗೆ ಕೊರತೆಯೆಂಬುದಿಲ್ಲ. ಮನೆಯ ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ವಿಳಾಸ ಕೊಡಬಹುದು, ಕಿಟಕಿ ಬದಲಿಸುವ ಪ್ರಮೇಯವೇ ಬಾರದು. ಹಾಗಾದರೆ ನನಗೇಕೆ ಇಲ್ಲ? ನನ್ನ ರೂಟರಿನ ಒಳಗಣ ಪಟ್ಟಿಯನ್ನು ತೆರೆದು ನೋಡಿದೆ. ಆ ಸೌಕರ್ಯದ ಎದುರಿಗೆ ಇರಬೇಕಾದ ಗುರುತು ಇರಲಿಲ್ಲ. ಯಾವಾಗಲೋ ಯಾರೋ, ಬಹುಶಃ ನಾನೇ, ತೆಗೆದುಹಾಕಿದ್ದಿರಬೇಕು. ಗುರುತು ಹಾಕಿ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸಿದೆ. ಮರಳಿ ಕನೆಕ್ಟ್ ಮಾಡಿದಾಗ ಪರದೆಯ ಮೇಲೆ ನೇರದಾರಿಯೆಂಬ ಉತ್ತರ ಬಂದಿತು. ನೂರನ್ನು ಮೀರಿದ್ದ ಮಿಲಿಸೆಕೆಂಡು ಅದರ ಮೂರರಲ್ಲೊಂದು ಪಾಲಿಗಿಂತಲೂ ಕೆಳಗೆ ಇಳಿಯಿತು. ತಡೆಯಿದ್ದುದು ರಾಜ್ಯದ ಗಡಿಯಲ್ಲಿ ಅಲ್ಲ, ಕಂಪನಿಯಲ್ಲಿಯೂ ಅಲ್ಲ. ನನ್ನ ಮನೆಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ. ಈ ಪಾಠ ಗಣಕಯಂತ್ರಕ್ಕೆ ಮಾತ್ರ ಅನ್ವಯಿಸತಕ್ಕದ್ದಲ್ಲವೆಂದು ನನಗೆ ಆಗ ಅನ್ನಿಸಿತು.

ಒಂದು ಮಾತನ್ನು ಮರೆಮಾಚಬಾರದು. ಇಲ್ಲಿ ನೇರದಾರಿ ಎಂದರೆ ತಂತಿಯೇ ನೇರವೆಂದಲ್ಲ. ಕಂಪನಿಗಳ ತಂತಿ ಎಲ್ಲಿ ಸುತ್ತುತ್ತದೆಯೋ ಅಲ್ಲಿಯೇ ಕಾಗದವೂ ಸುತ್ತುತ್ತದೆ. ನಡುವೆ ಮೂರನೆಯವನ ಉಗ್ರಾಣವಿಲ್ಲವೆಂದಷ್ಟೇ ಅದರ ಅರ್ಥ. ತಂತಿಯೂ ನಮ್ಮದೇ ಆದ ಉದಾಹರಣೆ ಬೇಕಾದರೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆಗೆ ನೋಡಬೇಕು. ಅಲ್ಲಿ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯವರೊಡನೆ ಸೇರಿ ಕೌಮೆಶ್ ಎಂಬ ಸಮುದಾಯದ ಜಾಲವನ್ನು ಕಟ್ಟಿದ್ದಾರೆ. ಮನೆಗಳ ಮೇಲೆ, ಬಿದಿರಿನ ಕಂಬಗಳ ಮೇಲೆ ಸಣ್ಣ ರೂಟರುಗಳನ್ನು ನಿಲ್ಲಿಸಿ, ಒಂದರ ಮಾತನ್ನು ಇನ್ನೊಂದು ಮುಂದಕ್ಕೆ ಸಾಗಿಸುವಂತೆ ಮಾಡಿದ್ದಾರೆ. ಹೊರಗಿನ ಅಂತರ್ಜಾಲ ನಿಂತರೂ ಇಂಥ ಜಾಲದೊಳಗಿನ ಮಾತುಕತೆ ನಿಲ್ಲಬೇಕಾಗಿಲ್ಲ. ಈ ಬಗೆಯ ಜಾಲಗಳಲ್ಲಿ ಬಳಸುವ ಬ್ಯಾಟ್‌ಮನ್ ಎಂಬ ತಂತ್ರಾಂಶಕ್ಕೂ ಒಂದು ಆಜ್ಞಾಸಾಲಿನ ಸಾಧನವಿದೆ. ಬ್ಯಾಟ್‌ಸಿಟಿಎಲ್ ಎಂದು ಅದರ ಹೆಸರು. ನೆರೆಹೊರೆಯ ಯಾವ ಯಾವ ರೂಟರು ಕಾಣುತ್ತಿದೆ, ಒಂದೊಂದರ ಸಂಪರ್ಕದ ಗುಣವೆಷ್ಟು ಎಂದು ಕೇಳಿದರೆ 255ಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಬೆಟ್ಟದ ಮರೆಯಲ್ಲಿ, ಹಸುರೆಲೆಯ ನಡುವೆ ಅಲೆಗಳು ಸೊರಗುತ್ತವೆ. ಕಂಬವನ್ನು ಹತ್ತು ಹೆಜ್ಜೆ ಸರಿಸಿ ಮತ್ತೆ ಅಂಕ ನೋಡಬೇಕು. ಇಂಥ ಅಲೆಗಳ ಬಳಕೆಗೆ, ಗೊತ್ತುಮಾಡಿದ ಶಕ್ತಿಯ ಮಿತಿಯೊಳಗೆ, ಪರವಾನಗಿ ಬೇಡವೆಂದು ಭಾರತ ಸರ್ಕಾರ 2005ರಲ್ಲಿ ಒಂದು ಪಟ್ಟಿಗೂ 2018ರಲ್ಲಿ ಇನ್ನೊಂದು ಪಟ್ಟಿಗೂ ವಿನಾಯಿತಿ ಕೊಟ್ಟಿದೆ. ಆದರೆ ನಮ್ಮ ಸುತ್ತಣ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಗೂಟವನ್ನೂ ನೆಡಬಾರದು. ಊರೊಳಗಿನ ಮನೆಯ ಮಾಳಿಗೆಗಳಷ್ಟೇ ನಮಗೆ ಸಾಕು.

ಎಚ್ಚರಿಕೆಯ ಎರಡು ಮಾತು. ಜೊತೆಗೂಡಿಸಿದ ಮನೆಗಳಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿದುಹೋಗಬಹುದು. ಆದ್ದರಿಂದ ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ಏರ್ಪಾಡನ್ನು ಮೊದಲ ದಿನವೇ ಮಾಡಬೇಕು, ಬೇರೆಯಾಗಿಯೂ ಒಂದು ಪ್ರತಿಯನ್ನು ತೆಗೆದಿಡಬೇಕು. ಬಹಿರಂಗ ಕೀಲಿಯನ್ನು ನೆಂಟರಿಗೆ ಹೇಳಬಹುದು. ಅದರ ಜೋಡಿಯಾದ ಗುಟ್ಟಿನ ಕೀಲಿಯನ್ನು ಯಾರಿಗೂ ಕೊಡಬಾರದು.

ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಹಿಂದಿರುಗುತ್ತೇನೆ. ಇದರಲ್ಲಿ ಕನ್ನಡ ಎಲ್ಲಿದೆ? ನಮ್ಮ ಅಜ್ಜಿಯರ ಸೋಬಾನೆಯಲ್ಲಿದೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕಂಠದಲ್ಲಿದೆ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರ ತಂಬೂರಿಯಲ್ಲಿದೆ. ಶಾಲೆಯಲ್ಲಿ ತಮಿಳನ್ನೂ ಕಲಿತು ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಬಿಡಿಸುವ ಈ ಮಕ್ಕಳ ನೋಟುಪುಸ್ತಕದಲ್ಲಿದೆ. ಇವನ್ನು ಕಾಪಾಡುವುದಕ್ಕೆ ದೊಡ್ಡ ಊರಿನ ಯಾವುದೋ ಸಂಸ್ಥೆ ಬಂದೀತೆಂದು ಕಾದು ಕುಳಿತರೆ, ನನ್ನ ದೊಡ್ಡಮ್ಮನ ಪದಗಳಿಗೆ ಆದ ಗತಿಯೇ ಇವಕ್ಕೂ ಆದೀತು.

ಆದುದರಿಂದ ಸಂಘದವರಲ್ಲಿ ನನ್ನದೊಂದು ಸಣ್ಣ ಸೂಚನೆ. ಬರುವ ವರ್ಷದಲ್ಲಿ ತಾಳವಾಡಿಯಲ್ಲಿ ಒಂದು, ಗಾಜನೂರಿನಲ್ಲಿ ಒಂದು, ಗುಮಟಾಪುರದಲ್ಲಿ ಒಂದು, ಹೀಗೆ ಮೂರು ಮನೆಗಳನ್ನು ಗೊತ್ತುಮಾಡೋಣ. ಹಳೆಯದಾದರೂ ಚಿಂತೆಯಿಲ್ಲ, ಕೆಲಸ ಮಾಡುವ ಒಂದೊಂದು ಗಣಕಯಂತ್ರವಿರಲಿ. ಹಿರಿಯರ ಒಪ್ಪಿಗೆ ಪಡೆದು ಅವರ ಹಾಡು, ಕಥೆ, ಗಾದೆಗಳನ್ನು ಮುದ್ರಿಸಿ ಮೂರು ಮನೆಗಳಲ್ಲಿಯೂ ಇರಿಸೋಣ. ವಾರಕ್ಕೊಂದು ಸಲ ಪ್ರೌಢಶಾಲೆಯ ಇಬ್ಬರು ಮಕ್ಕಳು ಪಿಂಗ್ ಮಾಡಿ, ಡಾಕ್ಟರಿನಿಂದ ರಿಪೋರ್ಟ್ ಪಡೆದು, ದಾರಿ ನೇರವೋ ಬಳಸೋ, ಎಷ್ಟು ಮಿಲಿಸೆಕೆಂಡು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಲಿ. ಅಂಕೆ ಕೆಟ್ಟ ದಿನ ಕಾರಣ ಹುಡುಕಲಿ. ಮೊದಲು ಮನೆಯೊಳಗೆ, ಆಮೇಲೆ ಹೊರಗೆ. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಪುಸ್ತಕವನ್ನು ಈ ವೇದಿಕೆಯ ಮೇಲೆ ಓದಿದರೆ ಅದಕ್ಕಿಂತ ಒಳ್ಳೆಯ ವರದಿ ನಮಗೆ ಬೇಕಿಲ್ಲ.

ಗೆರೆ ಎಳೆಯುವ ಅಧಿಕಾರ ನಮ್ಮ ಕೈಯಲ್ಲಿ ಇರಲಿಲ್ಲ. ಮನೆಯಿಂದ ಮನೆಗೆ ದಾರಿ ಕಡಿಯುವ ಕೆಲಸ ನಮ್ಮ ಕೈಯಲ್ಲಿದೆ.